ಬಿಲ್ಡರ್ ಬಗ್ಗೆ ಬರೆದಿದ್ದಕ್ಕೆ ಒಂದು ಕೋಟಿ ನೋಟೀಸು, ಪೋಸ್ಟ್ ಡಿಲೀಟ್ ಮಾಡ್ಲಾ?

ಪ್ರಶ್ನೆ: ಸರ್ಜಾಪುರದ ಹತ್ರ ಸಾಲ ಮಾಡಿ ಫ್ಲ್ಯಾಟ್ ತಗೊಂಡಿದ್ದೀವಿ ಸಾರ್. ರಿಜಿಸ್ಟ್ರೇಶನ್ ಆಗಿ 14 ತಿಂಗಳಾದ್ರೂ ಓಸಿ (ವಾಸಕ್ಕೆ ಯೋಗ್ಯ ಅನ್ನೋ ಆಕ್ಯುಪೆನ್ಸಿ ಸರ್ಟಿಫಿಕೇಟ್) ಬಂದಿಲ್ಲ, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ವಾಸನೆಗೆ ಕಿಟಕಿ ತೆಗೆಯೋ ಹಾಗಿಲ್ಲ, ಲಿಫ್ಟ್ ವಾರಕ್ಕೊಂದ್ಸಲ ಕೆಡುತ್ತೆ. ಬೇಜಾರಾಗಿ ನನ್ನ ಬ್ಲಾಗಲ್ಲಿ ಎಲ್ಲ ಬರೆದು ಗೂಗಲ್ ರಿವ್ಯೂನಲ್ಲೂ ಹಾಕಿದೆ. ಈಗ ಬಿಲ್ಡರ್ ಕಡೆಯ ಲಾಯರಿಂದ ವಾಟ್ಸಾಪಲ್ಲಿ ಪಿಡಿಎಫ್ ನೋಟೀಸ್ ಬಂದಿದೆ. 48 ಗಂಟೆ ಒಳಗೆ ಡಿಲೀಟ್ ಮಾಡಿ ಬೇಷರತ್ ಕ್ಷಮೆ ಕೇಳ್ಬೇಕಂತೆ, ಇಲ್ಲಾಂದ್ರೆ 1 ಕೋಟಿ ಪರಿಹಾರ, ಐಪಿಸಿ 500, ಐಟಿ ಕಾಯ್ದೆ 66ಎ ಕೇಸು ಅಂತೆ. ಮನೇಲಿ ಎಲ್ರೂ ತೆಗೆದ್ಬಿಡು ಅಂತಿದ್ದಾರೆ. ನಾನು ಸುಳ್ಳೇನೂ ಬರೆದಿಲ್ಲ. ಪೋಸ್ಟಿನ ಸ್ಕ್ರೀನ್‌ಶಾಟು, ನೋಟೀಸು ಎರಡೂ ಕಳಿಸಿದ್ದೀನಿ. ಏನ್ ಮಾಡ್ಲಿ, ಮನೆಯವರಿಗೆ ಏನ್ ಹೇಳ್ಲಿ?

ಉತ್ತರ: ಮೊದ್ಲು ಒಂದು ಲೋಟ ನೀರು ಕುಡೀರಿ. ಆಮೇಲೆ ಆ ನೋಟೀಸನ್ನ ಇನ್ನೊಂದ್ಸಲ ಓದಿ, ಯಾಕಂದ್ರೆ ಅದನ್ನ ಬರೆದವರೇ ಸರಿಯಾಗಿ ಓದಿದ ಹಾಗಿಲ್ಲ. ಆನ್‌ಲೈನಲ್ಲಿ ಆಕ್ಷೇಪಾರ್ಹ ಮಾತು ಬರೆದ್ರೆ ಶಿಕ್ಷೆ ಅಂತಿದ್ದ 66ಎ ಅನ್ನೋ ಸೆಕ್ಷನ್ನನ್ನ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ಕ್ಕೇ ಶ್ರೇಯಾ ಸಿಂಘಾಲ್ ಕೇಸಲ್ಲಿ ಹೊಡೆದು ಹಾಕಿದೆ, ಆ ಸೆಕ್ಷನ್ ಸತ್ತು ವರ್ಷಗಳೇ ಆದ್ವು, ಇವ್ರು ಇನ್ನೂ ಅದರ ಹೆಸರಲ್ಲಿ ಹೆದರಿಸ್ತಿದ್ದಾರೆ. ಐಪಿಸಿ ಕೂಡ 2024ರ ಜುಲೈ 1ರಿಂದ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಮಾನಹಾನಿ ಈಗ ಅದರ 356ನೇ ಸೆಕ್ಷನ್. ಅಂದ್ರೆ ಯಾವುದೋ ಹಳೇ ನೋಟೀಸಲ್ಲಿ ಹೆಸರು ವಿಳಾಸ ಬದ್ಲಾಯಿಸಿ ಕಳ್ಸಿದ್ದಾರೆ. ನಮ್ಮ ವಕೀಲಿ ಕಸುಬಲ್ಲಿ ಇದು ಹೊಸದೇನಲ್ಲ, ಆದ್ರೆ ಇದರಿಂದ ನಿಮಗೊಂದು ವಿಷಯ ಗೊತ್ತಾಗುತ್ತೆ, ಈ ಕಾಗದ ಬರೆದವರ ತಲೆಯಲ್ಲಿ ಕೋರ್ಟ್ ಇರ್ಲಿಲ್ಲ, ನೀವಿದ್ರಿ.

ನೋಟೀಸು ಅಂದ್ರೆ ಕೋರ್ಟಿನ ಆದೇಶ ಅಲ್ಲ. ಅದೊಂದು ಕಾಗದ ಅಷ್ಟೇ, ಲೆಟರ್‌ಹೆಡ್ ಇರೋ ಕಾಗದ. 48 ಗಂಟೆ ಅನ್ನೋದು ಅವರೇ ಕೊಟ್ಟ ಗಡುವು, ಯಾವ ಕಾನೂನಲ್ಲೂ ಇಲ್ಲ. 1 ಕೋಟಿನೂ ಹಾಗೇ, ನೋಟೀಸಲ್ಲಿ ಎಷ್ಟು ಸೊನ್ನೆ ಬೇಕಾದ್ರೂ ಬರೀಬಹುದು ಅದಕ್ಕೆ ದುಡ್ಡು ಕೊಡ್ಬೇಕಾಗಿಲ್ಲ, ಆದ್ರೆ ನಿಜವಾಗ್ಲೂ ದಾವೆ ಹಾಕೋವಾಗ ಕರ್ನಾಟಕದಲ್ಲಿ ಕೇಳೋ ಮೊತ್ತಕ್ಕೆ ತಕ್ಕ ಹಾಗೆ ಕೋರ್ಟ್ ಫೀ ಕಟ್ಬೇಕು, ಆಗ ನೋಡಿ ಎಷ್ಟೋ ಸಲ ಕೋಟಿ ಇದ್ದಿದ್ದು ಲಕ್ಷಕ್ಕೆ ಇಳಿಯುತ್ತೆ.

ಹಾಗಂತ ಕಸದ ಬುಟ್ಟಿಗೆ ಹಾಕ್ಬೇಡಿ. ಕಂಪನಿಗಳಿಗೆ ಇಂಥ ಕೇಸಲ್ಲಿ ಗೆಲ್ಲೋದು ಮುಖ್ಯ ಅಲ್ಲ, ನಿಮ್ಮನ್ನ ಓಡಾಡಿಸೋದೇ ಮುಖ್ಯ. ಇದಕ್ಕೆ ನಮ್ಮ ದೇಶದಲ್ಲಿ ಐಐಪಿಎಂ ಅನ್ನೋ ಮ್ಯಾನೇಜ್‌ಮೆಂಟ್ ಕಾಲೇಜಿಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ನಿಮಗೆ ನೆನಪಿರಬಹುದು, ಪೇಪರಲ್ಲೆಲ್ಲ ಫುಲ್ ಪೇಜ್ ಜಾಹೀರಾತು, ಪೋನಿಟೇಲ್ ಬಿಟ್ಟ ಅದರ ಮುಖ್ಯಸ್ಥ ಅರಿಂದಮ್ ಚೌಧುರಿ ಫೋಟೋ, ಎಲ್ಲರಿಗೂ ಲ್ಯಾಪ್‌ಟಾಪ್ ಫ್ರೀ ಅಂತ. 2005ರಲ್ಲಿ ಜ್ಯಾಮ್ ಅನ್ನೋ ಯುವಕರ ಪತ್ರಿಕೆಯ ರಶ್ಮಿ ಬನ್ಸಲ್ ಆ ಜಾಹೀರಾತಲ್ಲಿ ಹೇಳಿದ್ದೆಲ್ಲ ನಿಜಾನಾ ಅಂತ ಒಂದು ಲೇಖನ ಹಾಕಿದ್ರು. ಗೌರವ್ ಸಬ್ನಿಸ್ ಅನ್ನೋ ಬ್ಲಾಗರ್ ಅದಕ್ಕೆ ಲಿಂಕ್ ಕೊಟ್ಟು ತಮ್ಮ ಅಭಿಪ್ರಾಯ ಬರೆದ್ರು. ಅವರಿಗೆ ನೋಟೀಸ್ ಬಂತು, ಹೆದರಲಿಲ್ಲ. ಆಗ ಏನಾಯ್ತು ಗೊತ್ತಾ, ಅವ್ರು ಕೆಲಸ ಮಾಡ್ತಿದ್ದ ಐಬಿಎಂ ಮೇಲೆ ಒತ್ತಡ ಶುರುವಾಯ್ತು, ಐಬಿಎಂ ಆಫೀಸ್ ಮುಂದೆ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳನ್ನ ಸುಡ್ತೀವಿ ಅಂತ ಬೆದರಿಕೆ ಬಂತು. ಪೋಸ್ಟ್ ತೆಗೆಯೋಕೂ ಮನಸ್ಸಿಲ್ಲ, ಕಂಪನಿಗೆ ತೊಂದ್ರೆ ಕೊಡೋಕೂ ಮನಸ್ಸಿಲ್ಲ ಅಂತ ಅವ್ರು ಕೆಲಸಕ್ಕೇ ರಾಜೀನಾಮೆ ಕೊಟ್ರು. ಕೋರ್ಟಿನಲ್ಲಿ ಒಂದು ದಿನವೂ ವಾದ ನಡೀಲಿಲ್ಲ, ಒಬ್ಬ ಮನುಷ್ಯನ ಕೆಲಸ ಹೋಯ್ತು.

ಅಲ್ಲಿಗೆ ಮುಗೀಲಿಲ್ಲ. 2011ರಲ್ಲಿ ಕ್ಯಾರವಾನ್ ಪತ್ರಿಕೆ ಇದೇ ಚೌಧುರಿ ಬಗ್ಗೆ ದೊಡ್ಡ ಲೇಖನ ಹಾಕ್ತು. ಪತ್ರಿಕೆ ಇರೋದು ದೆಹಲಿ, ಐಐಪಿಎಂ ಇರೋದೂ ದೆಹಲಿ, 50 ಕೋಟಿ ದಾವೆ ಹಾಕಿದ್ದು ಮಾತ್ರ ಅಸ್ಸಾಮಿನ ಸಿಲ್ಚಾರಲ್ಲಿ! ಬರಾಕ್ ಕಣಿವೆಯ ಒಂದು ದೂರದ ಊರು, ದೆಹಲಿಯಿಂದ ಅಲ್ಲಿಗೆ ವಾಯಿದೆಗೆ ಹೋಗಿ ಬರೋದೇ ಒಂದು ಶಿಕ್ಷೆ. ಲೇಖನಕ್ಕೆ ಏಕಪಕ್ಷೀಯ ತಡೆಯಾಜ್ಞೆ ಸಿಕ್ತು, ಅಂದ್ರೆ ಪತ್ರಿಕೆಯವರ ಮಾತು ಕೇಳದೇನೇ. ಲಿಂಕ್ ತೋರಿಸಿದ್ದಕ್ಕೆ ಗೂಗಲ್ ಇಂಡಿಯಾನೂ ಆ ದಾವೆಯಲ್ಲಿ ಪ್ರತಿವಾದಿ. 2013ರಲ್ಲಿ ಗ್ವಾಲಿಯರ್ ಕೋರ್ಟಿನ ಆದೇಶದ ಮೇಲೆ 70ಕ್ಕೂ ಹೆಚ್ಚು ವೆಬ್ ವಿಳಾಸ ಬ್ಲಾಕ್ ಆದ್ವು, ಅದರಲ್ಲಿ ಯುಜಿಸಿ ವೆಬ್‌ಸೈಟಿನ ನೋಟೀಸೂ ಒಂದು. ಐಐಪಿಎಂ ಮಾನ್ಯತೆ ಇರೋ ವಿಶ್ವವಿದ್ಯಾಲಯ ಅಲ್ಲ ಅಂತ ಸರ್ಕಾರಿ ಸಂಸ್ಥೆ ಮಕ್ಕಳಿಗೆ ಹೇಳಿದ್ದನ್ನೇ ಮುಚ್ಚಿಸಿದ್ರು. ಮುಂದೆ 2014ರಲ್ಲಿ ದೆಹಲಿ ಹೈಕೋರ್ಟ್ ಎಂಬಿಎ, ಬಿಬಿಎ, ಬಿಸಿನೆಸ್ ಸ್ಕೂಲ್ ಇಂಥ ಪದ ಬಳಸಬೇಡಿ ಅಂತ ಐಐಪಿಎಂಗೆ ತಾಕೀತು ಮಾಡ್ತು, 2015ರಲ್ಲಿ ಕ್ಯಾಂಪಸ್‌ಗಳು ಬಾಗಿಲು ಹಾಕಿದ್ವು. ಕ್ಯಾರವಾನ್ ಲೇಖನದ ಮೇಲಿನ ತಡೆ ಪೂರ್ತಿ ತೆರವಾಗಿದ್ದು 2018ರಲ್ಲಿ. ಲೆಕ್ಕ ಹಾಕಿ, ಸಂಸ್ಥೆ ಮುಚ್ಚಿ ಮೂರು ವರ್ಷ ಆದ್ಮೇಲೆ! ಊರೆಲ್ಲ ಸೂರೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆ ನಡುವೆ ಫೀಸ್ ಕಟ್ಟಿದ ಹುಡುಗ್ರ ಕಥೆ ಯೋಚಿಸಿ.

ಇಷ್ಟೆಲ್ಲ ಹೇಳಿದ್ದು ಹೆದರಿಸೋಕಲ್ಲ, ನಿಮಗಿರೋ ನಿಜವಾದ ಅಪಾಯ ಯಾವ್ದು ಅಂತ ತೋರಿಸೋಕೆ. ನಿಮಗೆ ಜೈಲಿನ ಭಯ ಬೇಡ. ಕ್ರಿಮಿನಲ್ ಮಾನಹಾನಿಗೆ ಗರಿಷ್ಠ ಎರಡು ವರ್ಷ ಸಾದಾ ಸಜೆ ಅಂತ ಕಾನೂನಲ್ಲಿ ಇದೆ, 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನ ಉಳಿಸಿಕೊಂಡಿದೆ ಕೂಡ (ಉಳಿಸಬಾರದಿತ್ತು ಅನ್ನೋದು ನನ್ನ ಅಭಿಪ್ರಾಯ, ಇರ್ಲಿ). ಆದ್ರೆ ಅದು ಪೊಲೀಸರು ಎಫ್‌ಐಆರ್ ಹಾಕಿ ಎಳ್ಕೊಂಡು ಹೋಗೋ ಅಪರಾಧ ಅಲ್ಲ. ಅವ್ರು ಮ್ಯಾಜಿಸ್ಟ್ರೇಟ್ ಹತ್ರ ಖಾಸಗಿ ದೂರು ಕೊಡ್ಬೇಕು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಸೆಕ್ಷನ್ ಪ್ರಕಾರ ಅದನ್ನ ವಿಚಾರಣೆಗೆ ತಗೊಳ್ಳೋ ಮುಂಚೆ ಮ್ಯಾಜಿಸ್ಟ್ರೇಟ್ ನಿಮ್ಮ ಮಾತು ಕೇಳ್ಬೇಕು. ಸ್ಟೇಷನ್ನಿಂದ ಯಾರಾದ್ರೂ ಫೋನ್ ಮಾಡಿ ಬಂದು ಸೆಟಲ್ ಮಾಡ್ಕೊಳ್ಳಿ ಅಂದ್ರೆ ಲಿಖಿತ ನೋಟೀಸ್ ಕೊಡಿ ಸಾರ್ ಅನ್ನಿ, ಅಷ್ಟೇ.

ನಿಜವಾದ ಅಪಾಯ ಅಂದ್ರೆ ಜನ ಸ್ಟೇ ಅಂತಾರಲ್ಲ, ಅದು. ಒಂದು ಬೆಳಿಗ್ಗೆ ಬಿಲ್ಡರ್ ವಕೀಲರು ಸಿವಿಲ್ ಕೋರ್ಟಿಗೆ ಹೋಗಿ, ನೀವಿಲ್ಲದ ಹೊತ್ತಲ್ಲಿ, ನಿಮ್ಮ ಪೋಸ್ಟಿನ ನಾಲ್ಕು ಖಾರದ ಸಾಲು ತೋರಿಸಿ ತಾತ್ಕಾಲಿಕ ತಡೆಯಾಜ್ಞೆ ತಂದ್ಬಿಡ್ತಾರೆ, ಆ ಆದೇಶ ಗೂಗಲ್‌ಗೆ ಹೋಗುತ್ತೆ, ಗೂಗಲ್ ತೆಗೆದ್ಹಾಕುತ್ತೆ, ಆಮೇಲೆ ಅದನ್ನ ತೆರವು ಮಾಡ್ಸೋಕೆ ನೀವು ವಾಯಿದೆ ಮೇಲೆ ವಾಯಿದೆ ಅಲೀತಾ ಇರ್ತೀರಿ. ಏಕಪಕ್ಷೀಯ ಆದೇಶ ಕೊಟ್ರೆ 30 ದಿನದಲ್ಲಿ ಆ ಅರ್ಜಿ ಇತ್ಯರ್ಥ ಮಾಡೋಕೆ ಪ್ರಯತ್ನಿಸಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 39ನೇ ಆರ್ಡರ್ ಹೇಳುತ್ತೆ, ಕೋರ್ಟ್ ಕಾರಿಡಾರಲ್ಲಿ ನಿಂತವರಿಗೆ ಆ 30 ದಿನದ ಕಥೆ ಗೊತ್ತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಂದ ಇಂಥ ಆದೇಶ ಎಷ್ಟು ಅಗಲಕ್ಕೆ ಹರಡಬಹುದು ಅಂದ್ರೆ, 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ ಒಂದೇ ಆದೇಶಕ್ಕೆ 8,842 ಲಿಂಕ್ ಒಳಪಟ್ಟಿದ್ವು, ಕುಡ್ಲ ರ‍್ಯಾಂಪೇಜ್ ಅನ್ನೋ ಯೂಟ್ಯೂಬ್ ಚಾನೆಲ್ಲಿನವರು ಹೈಕೋರ್ಟಿಗೆ ಹೋಗಿ ತಮ್ಮ ಮಟ್ಟಿಗೆ ಅದನ್ನ ರದ್ದು ಮಾಡಿಸ್ಕೊಂಡ್ರು. ಅದು ಕಂಪನಿ ಕೇಸಲ್ಲ, ಆದ್ರೆ ಕಂಪನಿ ವಕೀಲರು ಹಿಡಿಯೋದೂ ಇದೇ ದಾರಿ.

ಇದಕ್ಕೊಂದು ಸರಳ ತಡೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕೇವಿಯಟ್. ಸಿಪಿಸಿ 148ಎ. ನನ್ನ ಮೇಲೆ ಇಂಥವರು ದಾವೆ ಹಾಕೋ ಸಂಭವ ಇದೆ, ನನಗೆ ಹೇಳದೆ ಆದೇಶ ಕೊಡ್ಬೇಡಿ ಅಂತ ನೀವೇ ಮುಂಚೆ ಹೋಗಿ ಕೋರ್ಟಿಗೆ ಅರ್ಜಿ ಕೊಟ್ಟಿಡೋದು. ಅದರ ಒಂದು ಪ್ರತಿನ ಬಿಲ್ಡರ್‌ಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸ್ಬೇಕು, 90 ದಿನ ಜೀವ ಇರುತ್ತೆ, ಮುಗಿದ್ಮೇಲೆ ಮತ್ತೆ ಹಾಕ್ಬೇಕು. ಖರ್ಚೂ ದೊಡ್ಡದಲ್ಲ. ನಿಮ್ಮ ಫ್ಲ್ಯಾಟ್ ಇರೋದು ಆನೇಕಲ್ ತಾಲ್ಲೂಕು, ಹಾಗಾಗಿ ಬೆಂಗಳೂರು ಸಿಟಿ ಸಿವಿಲ್ ಕೋರ್ಟ್ ಒಂದೇ ಸಾಲದು, ಆನೇಕಲ್ ಕಡೆಯ ಕೋರ್ಟಲ್ಲೂ ಹಾಕ್ಸಿ. ಬಿಲ್ಡರ್ ಹೆಡ್ ಆಫೀಸ್ ಬೇರೆ ಊರಲ್ಲಿದ್ರೆ ಅಲ್ಲೂ. ಸಿಲ್ಚಾರ್ ಥರ ಯಾವುದೋ ಮೂಲೆಗೆ ಹೋದ್ರೆ ಕೇವಿಯಟ್ ಕೈಗೆ ಬರಲ್ಲ ನಿಜ, ಒಬ್ಬ ಫ್ಲ್ಯಾಟ್ ಮಾಲೀಕರ ಮೇಲೆ ಅಷ್ಟು ದೂರ ಹೋಗೋದು ಅಪರೂಪ.

ಕೋರ್ಟಲ್ಲಿ ಎರಡೂ ಕಡೆ ವಾದ ನಡೆದ್ರೆ ಕಾನೂನು ನಿಮಗೆ ಅಷ್ಟೇನೂ ವಿರುದ್ಧ ಇಲ್ಲ. 1891ರ ಬೊನಾರ್ಡ್ ಅಂತ ಒಂದು ಇಂಗ್ಲಿಷ್ ಕೇಸಿದೆ, ನಾನು ಬರೆದಿದ್ದು ಸತ್ಯ, ವಿಚಾರಣೆಯಲ್ಲಿ ಸಾಬೀತು ಮಾಡ್ತೀನಿ ಅಂತ ಪ್ರತಿವಾದಿ ಎದೆ ತಟ್ಟಿ ನಿಂತ್ರೆ, ಅದು ಪಕ್ಕಾ ಸುಳ್ಳು ಅಂತ ಮೇಲ್ನೋಟಕ್ಕೇ ಕಾಣದ ಹೊರತು ವಿಚಾರಣೆಗೆ ಮುಂಚೆ ಬಾಯಿ ಮುಚ್ಚಿಸಬಾರದು ಅನ್ನೋದು ಅದರ ಸಾರ. ಒಡಿಶಾದ ಧಾಮ್ರಾ ಬಂದರಿಂದ ಆಲಿವ್ ರಿಡ್ಲಿ ಆಮೆಗಳಿಗೆ ತೊಂದ್ರೆ ಅಂತ ಗ್ರೀನ್‌ಪೀಸಿನವರು ಪ್ಯಾಕ್‌ಮನ್ ಥರ ಒಂದು ಆನ್‌ಲೈನ್ ಆಟ ಮಾಡಿ ಅದರಲ್ಲಿ ಟಾಟಾ ಲೋಗೋ ಹಾಕಿದ್ರು, ಟಾಟಾದವರು ಟ್ರೇಡ್‌ಮಾರ್ಕು ಮಾನಹಾನಿ ಎರಡೂ ಸೇರಿಸಿ 10 ಕೋಟಿ ಕೇಳಿದ್ರು, 2011ರಲ್ಲಿ ದೆಹಲಿ ಹೈಕೋರ್ಟಿನ ರವೀಂದ್ರ ಭಟ್ ಇದೇ ತತ್ವದ ಮೇಲೆ ತಾತ್ಕಾಲಿಕ ತಡೆ ಕೊಡೋಕೆ ಒಪ್ಪಲಿಲ್ಲ. 2024ರ ಮಾರ್ಚಲ್ಲಿ ಬ್ಲೂಮ್‌ಬರ್ಗ್ ವಿರುದ್ಧ ಝೀ ತಂದಿದ್ದ ತಡೆಯಾಜ್ಞೆನ ಸುಪ್ರೀಂ ಕೋರ್ಟೇ ರದ್ದು ಮಾಡ್ತು. ದುಡ್ಡಿರೋರು ಕೇಸು ಹಾಕಿ ಟೀಕೆ ಅಡಗಿಸೋ ಅಭ್ಯಾಸಕ್ಕೆ ಸ್ಲ್ಯಾಪ್ ಅಂತ ಹೆಸರಿದೆ, ಆ ತೀರ್ಪಲ್ಲಿ ಅದರ ಪ್ರಸ್ತಾಪನೂ ಇದೆ. ನಿಮ್ಮ ವಕೀಲರಿಗೆ ಈ ಎರಡೂ ತೀರ್ಪಿನ ಪ್ರಿಂಟ್ ಕೈಯಲ್ಲಿ ಇಟ್ಕೊಳ್ಳೋಕೆ ಹೇಳಿ.

ಇದಕ್ಕಿಂತ ನಿಮಗೆ ಹತ್ತಿರದ ಕೇಸು ಇನ್ನೊಂದಿದೆ. ಮುಂಬೈಯಲ್ಲಿ ಕೆಲವು ಫ್ಲ್ಯಾಟ್ ಮಾಲೀಕರು 2015ರಲ್ಲಿ ತಮ್ಮ ಕಟ್ಟಡದ ಹತ್ರ ಒಂದು ಬೋರ್ಡ್ ಹಾಕಿದ್ರು. ಸೊಸೈಟಿ ಮಾಡಿಕೊಟ್ಟಿಲ್ಲ, ಲಿಫ್ಟ್ ಸರಿ ಇಲ್ಲ, ನೀರಿನ ತೊಂದ್ರೆ, ಸೋರಿಕೆ, ಪ್ಲಂಬಿಂಗ್ ಕೆಟ್ಟಿದೆ, ರೋಡ್ ಸರಿ ಇಲ್ಲ, ಹೀಗೆ ಪಟ್ಟಿ. ಎ ಸುರ್ತಿ ಡೆವಲಪರ್ಸ್ ಅನ್ನೋ ಬಿಲ್ಡರ್ ಮಾನಹಾನಿ ದೂರು ಕೊಟ್ರು, ಮ್ಯಾಜಿಸ್ಟ್ರೇಟ್ ಸಮನ್ಸ್ ಕಳ್ಸಿದ್ರು, ಸೆಷನ್ಸ್ ಕೋರ್ಟು ಬಾಂಬೆ ಹೈಕೋರ್ಟು ಎರಡೂ ಕೈ ಹಿಡೀಲಿಲ್ಲ, ಕೊನೆಗೆ 2025ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿಶ್ವನಾಥನ್ ಅವರಿದ್ದ ಪೀಠ ಕೇಸನ್ನೇ ರದ್ದು ಮಾಡ್ತು. ದುಡ್ಡು ಕೊಟ್ಟು ಮನೆ ತಗೊಂಡವರಿಗೆ ತಮ್ಮ ಹಿತಕ್ಕಾಗಿ ಕಷ್ಟ ಹೇಳ್ಕೊಳ್ಳೋ, ಶಾಂತವಾಗಿ ಪ್ರತಿಭಟಿಸೋ ಹಕ್ಕಿದೆ ಅಂತು. ಯಾವ ಕಾರಣಕ್ಕೆ ಗೆದ್ರು ಅಂತ ಗಮನಿಸಿ. ಕೋರ್ಟ್ ಆ ಬೋರ್ಡಿನ ಭಾಷೆನ ಸಾಲು ಸಾಲಾಗಿ ನೋಡ್ತು. ಮೋಸ, ವಂಚನೆ, ದುಡ್ಡು ನುಂಗಿದ್ರು ಅನ್ನೋ ಪದಗಳೇ ಅಲ್ಲಿರ್ಲಿಲ್ಲ. ಬರೀ ಕಷ್ಟ ಇತ್ತು, ಬೈಗುಳ ಇರ್ಲಿಲ್ಲ. ಗೆದ್ರು ಅನ್ನೋದ್ರ ಜೊತೆ ಹತ್ತು ವರ್ಷ ಹಿಡೀತು ಅನ್ನೋದನ್ನೂ ನೆನಪಿಟ್ಕೊಳ್ಳಿ.

ಈಗ ನಿಮ್ಮ ಪೋಸ್ಟಿಗೆ ಬರ್ತೀನಿ. ನೀವು ಕಳಿಸಿದ ಸ್ಕ್ರೀನ್‌ಶಾಟ್ ಎರಡು ಸಲ ಓದಿದೆ. ಸುಳ್ಳೇನೂ ಬರೆದಿಲ್ಲ ಅಂತೀರಿ, ಒಪ್ತೀನಿ, ಆದ್ರೆ ಬರೆದಿದ್ದನ್ನೆಲ್ಲ ಸಾಬೀತು ಮಾಡೋಕಾಗುತ್ತಾ ಅನ್ನೋದು ಬೇರೆ ಪ್ರಶ್ನೆ. ಮೂರನೇ ಪ್ಯಾರಾ: "ಇವ್ರು ಫೋರ್‌ಟ್ವೆಂಟಿಗಳು, ಆಫೀಸರ್‌ಗಳಿಗೆ ದುಡ್ಡು ತಿನ್ನಿಸಿ ಪ್ಲಾನ್ ಪಾಸ್ ಮಾಡಿಸ್ಕೊಂಡಿದ್ದಾರೆ, ಎಲ್ರೂ ಸೇರಿ ಲೂಟಿ ಹೊಡೀತಿದ್ದಾರೆ." ದುಡ್ಡು ತಿನ್ನಿಸಿದ್ದನ್ನ ನೀವು ನೋಡಿದ್ರಾ? ಇಲ್ಲ ತಾನೇ. ಊರಿಗೆಲ್ಲ ಹಾಗನ್ನಿಸಬಹುದು, ಟೀ ಅಂಗಡಿಯಲ್ಲಿ ಅನ್ನಬಹುದು, ಬರವಣಿಗೆಯಲ್ಲಿ ಹಾಕಿದ್ರೆ ಅದನ್ನ ಸಾಬೀತು ಮಾಡೋ ಹೊರೆ ನಿಮ್ಮ ತಲೆ ಮೇಲೆ. ಅವ್ರ ವಕೀಲರು ಜಡ್ಜ್ ಮುಂದೆ ಓದೋದು ಇದೇ ಪ್ಯಾರಾನ, ಎಸ್‌ಟಿಪಿ ವಾಸನೆ ಬಗ್ಗೆ ಬರೆದಿದ್ದನ್ನಲ್ಲ. ಐದನೇ ಪ್ಯಾರಾ ನೋಡಿ ಎಷ್ಟು ಚೆನ್ನಾಗಿದೆ: "ಜೂನಲ್ಲಿ ಬಿ ಬ್ಲಾಕ್ ಲಿಫ್ಟ್ 11 ದಿನ ನಿಂತಿತ್ತು, ಎಂಟನೇ ಫ್ಲೋರಿನ ಅಜ್ಜಿ ಡಯಾಲಿಸಿಸ್‌ಗೆ ಹೋಗೋಕೆ ಮೊಮ್ಮಗ ಪ್ಲಾಸ್ಟಿಕ್ ಚೇರಲ್ಲಿ ಕೂರಿಸ್ಕೊಂಡು ಇಳಿಸ್ದ." ಇದನ್ನ ಯಾವ ವಕೀಲರೂ ಮುಟ್ಟೋಕಾಗಲ್ಲ, ಮುಟ್ಟಿದ್ರೆ ಜಡ್ಜೇ ಕೇಳ್ತಾರೆ ಲಿಫ್ಟ್ ಸರಿ ಮಾಡಿಸಿದ್ರಾ ಅಂತ. ಫೋರ್‌ಟ್ವೆಂಟಿ ಅನ್ನೋದಕ್ಕಿಂತ ಆ ಚೇರ್ ಸಾವಿರ ಪಾಲು ಜೋರಾಗಿ ಮಾತಾಡುತ್ತೆ.

ಹಾಗಾಗಿ ಪೋಸ್ಟ್ ತೆಗೀಬೇಡಿ, ಆ ಮೂರನೇ ಪ್ಯಾರಾ ತೆಗೀರಿ. ಅದಕ್ಕೆ ಮುಂಚೆ ಈಗಿರೋ ಹಾಗೇ ಪೂರ್ತಿ ಪೋಸ್ಟನ್ನ ಡೇಟ್ ಸಮೇತ ಸೇವ್ ಮಾಡಿ, ಮುಂದೆ ಕೋರ್ಟಲ್ಲಿ ಹಾಜರುಪಡಿಸೋವಾಗ ಈ ಡಿಜಿಟಲ್ ಪ್ರತಿ ಅಸಲಿ ಅನ್ನೋ, ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಸರ್ಟಿಫಿಕೇಟ್ ಬೇಕಾಗುತ್ತೆ, ಹಳಬರು 65ಬಿ ಅಂತಾರಲ್ಲ ಅದೇ. ತೆಗೆದಾದ್ಮೇಲೆ ಕೆಳಗೆ ಒಂದು ಸಾಲು: ಇಂಥ ದಿನ ಒಂದು ಪ್ಯಾರಾ ತೆಗೆದಿದ್ದೀನಿ, ಉಳಿದದ್ದು ಹಾಗೇ ಇದೆ. ಹೊಸದಾಗಿ ಏನೇನೋ ಸೇರಿಸಿ ಮತ್ತೆ ಎಲ್ಲಾ ಕಡೆ ಶೇರ್ ಮಾಡೋಕೆ ಹೋಗ್ಬೇಡಿ. ಸಿವಿಲ್ ಮಾನನಷ್ಟ ದಾವೆಗೆ ಪ್ರಕಟ ಆದ ದಿನದಿಂದ ಒಂದೇ ವರ್ಷ ಕಾಲಮಿತಿ, ಇಂಟರ್ನೆಟ್ಟಲ್ಲಿ ಇದ್ದಷ್ಟು ದಿನವೂ ದಿನಾ ಹೊಸದಾಗಿ ಪ್ರಕಟ ಆದ ಹಾಗಲ್ಲ ಅಂತ ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ನೀವೇ ಹೊಸದಾಗಿ ಹಾಕಿದ್ರೆ ಗಡಿಯಾರ ಮತ್ತೆ ಮೊದಲಿಂದ ಶುರು.

ಕ್ಷಮಾಪಣೆ ಪತ್ರಕ್ಕೆ ಸಹಿ ಮಾತ್ರ ಹಾಕ್ಬೇಡಿ. ಅವರೇ ಡ್ರಾಫ್ಟ್ ಮಾಡಿ ಕಳಿಸಿರೋ ಆ ಬೇಷರತ್ ಕ್ಷಮೆಯಲ್ಲಿ ನಾನು ಬರೆದಿದ್ದೆಲ್ಲ ಸುಳ್ಳು ಅಂತ ಒಪ್ಪಿಕೊಳ್ಳೋ ಸಾಲಿದೆ, ಎರಡನೇ ಪುಟದ ಕೊನೇಲಿ, ನೀವು ನೋಡಿರಲಿಕ್ಕಿಲ್ಲ. ನಾಳೆ ರೇರಾದಲ್ಲಿ (ಬಿಲ್ಡರ್‌ಗಳ ಮೇಲಿನ ದೂರು ಕೇಳೋ ರಿಯಲ್ ಎಸ್ಟೇಟ್ ಪ್ರಾಧಿಕಾರ) ನೀವು ಓಸಿ ಕೇಳೋಕೆ ಹೋದಾಗ ಅದೇ ಕಾಗದ ನಿಮ್ಮ ಮುಖಕ್ಕೆ ಹಿಡೀತಾರೆ.

ಕ್ಷಮೆ ಕೇಳಿದ ಮಾತ್ರಕ್ಕೆ ವಿಷಯ ಸಾಯುತ್ತೆ ಅನ್ನೋದೂ ಸುಳ್ಳೇ ಅನ್ನಿ. 2023ರ ಏಪ್ರಿಲಲ್ಲಿ ಫುಡ್ ಫಾರ್ಮರ್ ಅಂತ ಹೆಸರಾದ ರೇವಂತ್ ಹಿಮತ್‌ಸಿಂಗ್ಕಾ ಬೋರ್ನ್‌ವಿಟಾದಲ್ಲಿರೋ ಸಕ್ಕರೆ ಬಗ್ಗೆ ಒಂದು ವಿಡಿಯೋ ಮಾಡಿದ್ರು. ಕಂಪನಿ, ಇದು ಅವೈಜ್ಞಾನಿಕ ಅಂತ ನೋಟೀಸ್ ಕಳ್ಸ್ತು, ಹೋರಾಡೋಕೆ ನನ್ನತ್ರ ಶಕ್ತಿ ಇಲ್ಲ ಅಂತ ಅವ್ರು ವಿಡಿಯೋ ತೆಗೆದು ಕ್ಷಮೆನೂ ಕೇಳಿದ್ರು. ಅಷ್ಟೊತ್ತಿಗಾಗ್ಲೇ ಜನ ಅದನ್ನ ಡೌನ್‌ಲೋಡ್ ಮಾಡಿ ಮನೆ ಮನೆ ವಾಟ್ಸಾಪ್ ಗ್ರೂಪಿಗೆ ಹಂಚಿದ್ರು, ನೋಟೀಸ್ ಸುದ್ದಿಯಾದ್ಮೇಲಂತೂ ಬೋರ್ನ್‌ವಿಟಾ ಕುಡೀದೇ ಇರೋರೂ ನೋಡಿದ್ರು. ಮಕ್ಕಳ ಹಕ್ಕುಗಳ ಆಯೋಗ ಕಂಪನಿಗೇ ನೋಟೀಸ್ ಕೊಡ್ತು, ವರ್ಷಾಂತ್ಯಕ್ಕೆ ಕಂಪನಿ ಸೇರಿಸೋ ಸಕ್ಕರೆನ ಸುಮಾರು ಶೇ 14ರಷ್ಟು ಇಳಿಸ್ತು, 2024ರ ಏಪ್ರಿಲಲ್ಲಿ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾ ಥರದ್ದನ್ನ ಹೆಲ್ತ್ ಡ್ರಿಂಕ್ ಪಟ್ಟಿಯಿಂದ ತೆಗೀರಿ ಅಂತ ಇ-ಕಾಮರ್ಸ್ ಕಂಪನಿಗಳಿಗೆ ಹೇಳ್ತು. ಎಲ್ಲರ ಅದೃಷ್ಟನೂ ಹಾಗಿರಲ್ಲ. ಪ್ಯಾರಾಚೂಟ್ ಎಣ್ಣೆ ಬಗ್ಗೆ ವಿಡಿಯೋ ಮಾಡಿದ ಒಬ್ಬ ಯೂಟ್ಯೂಬರ್ ವಿರುದ್ಧ 2020ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠ ಖಾರವಾಗೇ ಹೇಳ್ತು, ಲಕ್ಷಾಂತರ ಜನ ನಂಬೋ ಮಾತಾಡೋನಿಗೆ ಜವಾಬ್ದಾರಿನೂ ಜಾಸ್ತಿ ಅಂತ. ಅವ್ರು ಪ್ಯಾರಾಚೂಟ್ ಎಣ್ಣೆನೂ ವರ್ಜಿನ್ ಎಣ್ಣೆನೂ ಮನೆ ಫ್ರಿಜ್ಜಲ್ಲಿಟ್ಟು ಹೋಲಿಸಿದ್ದು ಕೋರ್ಟಿಗೆ ಹಿಡಿಸ್ಲಿಲ್ಲ. 2025ರಲ್ಲಿ ಪ್ರೊಟೀನ್ ಪೌಡರ್ ಕೇಸಲ್ಲಿ ದೆಹಲಿ ಹೈಕೋರ್ಟ್ ಇನ್‌ಫ್ಲುಯೆನ್ಸರ್‌ಗಳ ಪರ ನಿಲ್ತು, ಅವರ ಕೈಯಲ್ಲಿ ಲ್ಯಾಬ್ ರಿಪೋರ್ಟ್ ಇತ್ತು. ಎರಡಕ್ಕೂ ಇರೋ ವ್ಯತ್ಯಾಸ ಆ ರಿಪೋರ್ಟು.

ಗೂಗಲ್ ರಿವ್ಯೂ ವಿಷಯ ಸ್ವಲ್ಪ ಬೇರೆ. ಅಲ್ಲಿ ಬಿಲ್ಡರ್ ಕೋರ್ಟಿಗೆ ಹೋಗ್ಬೇಕಂತಲೇ ಇಲ್ಲ, ರಿಪೋರ್ಟ್ ಬಟನ್ ಒತ್ತಿದ್ರೆ ಸಾಕು. ಶ್ರೇಯಾ ಸಿಂಘಾಲ್ ತೀರ್ಪಿನ ಪ್ರಕಾರ ಕೋರ್ಟ್ ಆದೇಶವೋ ಸರ್ಕಾರದ ಸೂಚನೆಯೋ ಬರದೆ ಪ್ಲಾಟ್‌ಫಾರಂ ತೆಗೀಲೇಬೇಕಾದ ಬಾಧ್ಯತೆ ಇಲ್ಲ, ಆದ್ರೆ ತಮ್ಮದೇ ಪಾಲಿಸಿ ಅಂತ ತೆಗೆದ್ರೆ ಯಾರ್ ಕೇಳ್ತಾರೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು 2011ರಲ್ಲಿ ಒಂದು ಪರೀಕ್ಷೆ ಮಾಡಿದ್ರು, ಬೇಕಂತಲೇ ತಪ್ಪುತಪ್ಪಾದ ದೂರುಗಳನ್ನ ಏಳು ವೆಬ್ ಕಂಪನಿಗಳಿಗೆ ಕಳಿಸಿ ನೋಡಿದ್ರು, ಆರು ಕಂಪನಿಗಳು ಕೇಳಿದ್ದಕ್ಕಿಂತ ಜಾಸ್ತಿನೇ ತೆಗೆದ್ವು. ಕಾನೂನು ಆಮೇಲೆ ಬದಲಾಯ್ತು, ಸ್ವಭಾವ ಅಷ್ಟೇನೂ ಬದಲಾದ ಹಾಗಿಲ್ಲ. ನಿಮ್ಮ ರಿವ್ಯೂ ಮಾಯ ಆದ್ರೆ ಅವರ ಕುಂದುಕೊರತೆ ಅಧಿಕಾರಿಗೆ ಬರೀರಿ, ನಿಯಮದಲ್ಲಿರೋ ಗಡುವಿನೊಳಗೆ ಇತ್ಯರ್ಥ ಮಾಡ್ಬೇಕು, ಆಗ್ಲಿಲ್ಲಾಂದ್ರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನಲ್ಲೇ ಹೋಗಬಹುದು. ಯಾವ ಗ್ಯಾರಂಟಿನೂ ಕೊಡಲ್ಲ ನಾನು. ಅದಕ್ಕೇ ಬ್ಲಾಗಿನ ಬ್ಯಾಕಪ್ ಇರ್ಲಿ ಅನ್ನೋದು.

ನೋಟೀಸಿಗೆ ಉತ್ತರ ಒಂದೇ ಪುಟ ಸಾಕು, ವಕೀಲರ ಮೂಲಕ ಕೊಡಿ, ವಾಟ್ಸಾಪಲ್ಲಿ ನೀವೇ ಜಗಳಕ್ಕೆ ಇಳೀಬೇಡಿ. ಬರೆದಿದ್ದು ನನ್ನ ಸ್ವಂತ ಅನುಭವ, ದಾಖಲೆ ಇದೆ, ಯಾವ ವಾಕ್ಯ ಸುಳ್ಳು ಅಂತ ನಿರ್ದಿಷ್ಟವಾಗಿ ತಿಳಿಸಿ, ಸುಳ್ಳು ಅಂತ ಕಂಡ್ರೆ ತಿದ್ದುತ್ತೀನಿ, ಓಸಿ ಯಾವಾಗ ಕೊಡ್ತೀರಿ ಅದನ್ನೂ ತಿಳಿಸಿ. ಈ ಕೊನೇ ಪ್ರಶ್ನೆಗೆ ಉತ್ತರ ಬರೋದು ಬಹಳ ಕಮ್ಮಿ! ಜೊತೆಗೇ ಕರ್ನಾಟಕ ರೇರಾದಲ್ಲಿ ದೂರು ಹಾಕ್ಬಿಡಿ. ಅಲ್ಲಿ ನಡೆದದ್ದನ್ನ, ಆದ ಆದೇಶವನ್ನ ಇದ್ದದ್ದು ಇದ್ದ ಹಾಗೆ ನೀವು ಬ್ಲಾಗಲ್ಲಿ ಬರೆದ್ರೆ ಅದಕ್ಕೆ ಕಾನೂನಿನ ರಕ್ಷಣೆ ಜಾಸ್ತಿ. ಪಕ್ಕದ ಮನೆಯವರನ್ನೂ ಸೇರಿಸ್ಕೊಳ್ಳಿ, ಒಬ್ಬರಿಗೆ ಬಂದ ನೋಟೀಸಿಗೆ 40 ಜನ ಸಹಿ ಹಾಕಿ ಉತ್ತರ ಕೊಟ್ರೆ ಅದರ ತೂಕವೇ ಬೇರೆ. ರೆಸಿಡೆಂಟ್ಸ್ ಗ್ರೂಪಲ್ಲಿ ಮಾತ್ರ ಬಾಯಿ ಬಿಗಿ ಹಿಡೀರಿ, ಅಲ್ಲಿಂದ ಬಿಲ್ಡರ್‌ಗೆ ಸ್ಕ್ರೀನ್‌ಶಾಟ್ ಕಳ್ಸೋ ಪುಣ್ಯಾತ್ಮರು ಎಲ್ಲಾ ಅಪಾರ್ಟ್‌ಮೆಂಟಲ್ಲೂ ಒಬ್ರು ಇದ್ದೇ ಇರ್ತಾರೆ.

ಮನೆಯವರಿಗೆ ಏನ್ ಹೇಳೋದು ಅಂತ ಕೊನೇಲಿ ಕೇಳಿದ್ರಿ. ಕೇವಿಯಟ್ ಹಾಕಿ ಬಂದು ಅದರ ರಸೀದಿ ತೋರ್ಸಿ, ಅರ್ಧ ಭಯ ಹೋಗುತ್ತೆ. ಆ ಬಿ ಬ್ಲಾಕ್ ಲಿಫ್ಟ್ ಇವತ್ತೂ ಕೆಟ್ಟಿದ್ರೆ ಇಳಿದು ಹೋಗಿ ಒಂದು ಫೋಟೋ ತೆಗೆದಿಡಿ, ಡೇಟ್ ಕಾಣೋ ಹಾಗೆ.